ಮುಂದೆ ನಿಲ್ಲುವವಳು

2002ರ ಬೇಸಿಗೆ ರಜೆಯಲ್ಲಿ, ಯಾದವಗಿರಿಯ ಸಿದ್ದಲಿಂಗಸ್ವಾಮಿಯ ಮನೆ ವರಾಂಡದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಆಟ ನಡೆಯುತ್ತಿತ್ತು. ಸ್ವಾಮಿ ಕತೆ ಕಟ್ಟುವವನು; ಕಾಡು, ಹಾಳು ಕೋಟೆ, ರಾಕ್ಷಸರು ಎಲ್ಲ ಅವನ ಬಾಯಲ್ಲೇ ಹುಟ್ಟಬೇಕು. ಉಳಿದವರು ಆ ಕತೆಯೊಳಗಿನ ಪಾತ್ರಗಳು. ತಾವೇನು ಮಾಡುತ್ತೇವೆಂದು ಅವರು ಹೇಳಿದರೆ, ಗೆದ್ದರೋ ಸೋತರೋ ದಾಳ ತೀರ್ಮಾನಿಸುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಕಸುಬು: ಯೋಧ, ಮಂತ್ರವಾದಿ, ಕಳ್ಳ, ವೈದ್ಯ. ರೂಲ್‌ಬುಕ್ಕಿನಲ್ಲಿ ಅದಕ್ಕೆ ಕ್ಲಾಸ್ ಅಂತಿತ್ತು. ಸ್ವಾಮಿ ಕಾಯಕ ಅನ್ನುತ್ತಿದ್ದ.

ಅವನ ಕಾಲೇಜು ಗೆಳೆಯರಲ್ಲಿ ಮಹದೇವಪ್ರಸಾದ್ ಯೋಧ, ಕುಮಾರ್ ಕಳ್ಳ. ಅವರ ಜೊತೆಗೇ ಓದುತ್ತಿದ್ದ ನಿಶ್ಚಿತಾ ನಜರ್‌ಬಾದಿನಿಂದ ಸೈಕಲ್ ತುಳಿದುಕೊಂಡು ಮೊದಲ ಸಲ ಆಡಲು ಬಂದಾಗ, ಅವಳು ಕೂರುವ ಮುಂಚೆಯೇ ಅವಳ ಕಾಯಕ ನಿಶ್ಚಯವಾಗಿತ್ತು.

"ನೀನು ವೈದ್ಯೆ ಆಗು," ಅಂದ ಪ್ರಸಾದ್. "ನಮಗೆ ಗಾಯ ಕಟ್ಟೋರೇ ಇಲ್ಲ."

"ನೀನೇ ಕಟ್ಟು."

"ನಾನು ಮುಂದೆ ನಿಂತ್ಕೊಳ್ಳೋನು ಕಣೇ."

"ನಾನೂ ಅಲ್ಲೇ ನಿಂತ್ಕೋತೀನಿ."

ಪಾತ್ರದ ಗುಣ ನಿರ್ಧರಿಸಲು ಸ್ವಾಮಿ ಅವಳ ಕೈಲಿ ದಾಳ ಹಾಕಿಸಿದ. ಶಕ್ತಿಗೆ ತೀರ ಕಮ್ಮಿ ಬಿತ್ತು, ವೈದ್ಯರಿಗೆ ಬೇಕಾದ ವಿವೇಕಕ್ಕೆ ಧಾರಾಳವಾಗಿ ಬಿತ್ತು.

"ದಾಳಾನೂ ವೈದ್ಯೆ ಅಂತಿದೆ ನೋಡು," ಎಂದು ಕುಮಾರ್ ನಕ್ಕ.

"ಅನ್ನಲಿ. ಕಾಯಕ ಅಂತ ನೀವೇ ಹೆಸರಿಟ್ಟಿದ್ದೀರ. ಅದನ್ನ ಇನ್ನೊಬ್ರು ಹಂಚ್ತಾರಾ? ಸ್ವಾಮಿ, ಯೋಧೆ ಅಂತ ಬರ್ಕೋ."

ಅವಳ ಯೋಧೆ ಮೊದಲ ಕಾಳಗದಲ್ಲೇ ತೋಳಗಳ ಬಾಯಿಗೆ ಬಿದ್ದು ಸತ್ತಳು. ಮುಂದಿನ ವಾರ ನಿಶ್ಚಿತಾ ಬೇರೆ ಹೆಸರಿನ ಇನ್ನೊಬ್ಬ ಯೋಧೆಯನ್ನು ಕರೆತಂದಳು. ಅವಳೂ ಹೊಳೆ ದಾಟುವಾಗ ಹೋದಳು. ಗಾಯ ವಾಸಿಮಾಡುವವರಿಲ್ಲದೆ ತಂಡವೇ ಕುಂಟುತ್ತಿತ್ತು. "ನಿನ್ನ ಹಟಕ್ಕೆ ನಮ್ಮನ್ನೂ ಸಾಯಿಸ್ಬುಡ್ತೀಯ," ಅಂದ ಪ್ರಸಾದ್. ಅಂದು ಮನೆಗೆ ಸೈಕಲ್ ತುಳಿಯುವಾಗ ಅವಳಿಗೆ ಅಳು ಬಂತು. ಇನ್ನು ಹೋಗುವುದೇ ಬೇಡ ಅನ್ನಿಸಿತು. ಆದರೆ ಹೋಗದಿದ್ದರೆ ಅವರು ಹೇಳಿದ್ದೇ ಸರಿ ಅಂತಾಗುತ್ತದೆ ಎಂದುಕೊಂಡು, ಭಾನುವಾರ ಮೂರನೆಯ ಯೋಧೆಯೊಂದಿಗೆ ಹೋಗಿ ಕೂತಳು.

ಅಂದು ಕೋಟೆಯ ಸುರಂಗದಲ್ಲಿ ರಾಕ್ಷಸರ ದಂಡು ಅಟ್ಟಿಸಿಕೊಂಡು ಬಂತು. ಪ್ರಸಾದನ ಯೋಧನಿಗೆ ಉಸಿರಷ್ಟೇ ಉಳಿದಿತ್ತು. ಕುಮಾರನ ಕಳ್ಳನ ಕಾಲು ಮುರಿದಿತ್ತು.

"ಈಗ ವೈದ್ಯೆ ಇದ್ದಿದ್ರೆ," ಎಂದು ಪ್ರಸಾದ್ ಶುರುಮಾಡಿದ.

"ಇಲ್ವಲ್ಲ. ನೀನು ಕುಮಾರನ್ನ ಹೊತ್ಕೊಂಡು ಓಡು," ಅಂದಳು ನಿಶ್ಚಿತಾ. ಸ್ವಾಮಿಯ ಕಡೆ ತಿರುಗಿ, "ನಾನು ಸುರಂಗದ ಬಾಯಲ್ಲಿ ನಿಲ್ತೀನಿ," ಅಂದಳು.

"ಸಾಯ್ತೀಯ."

"ಗೊತ್ತು. ದಾಳ ಕೊಡು."

ಒಳ್ಳೆಯ ದಾಳವೇನೂ ಬೀಳಲಿಲ್ಲ. ಏಟು ತಿನ್ನುತ್ತಲೇ ನಿಂತಳು, ಒಂದು ಹೆಜ್ಜೆಯೂ ಹಿಂದಿಡಲಿಲ್ಲ. ಅವಳು ಬೀಳುವ ಹೊತ್ತಿಗೆ ಆ ಇಬ್ಬರೂ ಬಯಲು ಸೇರಿದ್ದರು. ಅವತ್ತು ಯಾರೂ ನಗಲಿಲ್ಲ.

ಸ್ವಾಮಿ, "ಮುಂದಿನ ವಾರ ಒಳ್ಳೆ ಬಲವಾದ ವೈದ್ಯೆ ಕೊಡ್ತೀನಿ, ಬಹುಮಾನ ಅಂದ್ಕೋ," ಅಂದ.

"ಯೋಧೆ," ಅಂದಳು ನಿಶ್ಚಿತಾ.

ಪ್ರಸಾದ್ ದಾಳವನ್ನು ಕೈಯಲ್ಲಿ ಉರುಳಿಸುತ್ತ ಕೂತಿದ್ದ. "ಆ ವೈದ್ಯನ್ನ ನನಗೆ ಕೊಟ್ಬುಡು," ಅಂದ ಕೊನೆಗೆ. "ಇವಳ ಹಿಂದೆ ಯಾರಾದ್ರೂ ಇರ್ಬೇಕಲ್ಲ."