ಇಪ್ಪತ್ತೆರಡು ತಲೆಗಳ ಒಪ್ಪಿಗೆ

ಹೇಳಿಕೆಯ ಐದು ಪ್ರತಿ ಬೇಕು ಎಂದು ಗುಮಾಸ್ತ ಕೊನೇ ಗಳಿಗೆಯಲ್ಲಿ ಹೇಳಿದ್ದೇ ಎಲ್ಲ ಎಡವಟ್ಟಿಗೂ ಮೂಲ. ಕಿವಿ ಮಷೀನು ರಿಪೇರಿಯವನು ಬೆಳಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಸಭಾಂಗಣದಲ್ಲಿ ಸುತ್ತುತ್ತಿದ್ದ. ಈಗ ಜೆರಾಕ್ಸ್ ಅಂಗಡಿಗೆ ಓಡಿದ. ಕರೆತಂದಿದ್ದ ಇಪ್ಪತ್ತೆರಡು ಗಿರಾಕಿಗಳಿಗೆ, ಅವರಲ್ಲೊಬ್ಬರಾದ ತನ್ನ ಅತ್ತೆಗೂ, ಸುಮ್ಮನೆ ಕೂತಿರಿ, ಮಾತಾಡುವುದು ನಾನು ಎಂದು ಸನ್ನೆ ಮಾಡಿಯೇ ಹೋದ.

ಅವನ ತಳಮಳಕ್ಕೆ ಕಾರಣವಿತ್ತು. ದೇಶದೇಶಗಳ ನಡುವಿನ ಡಿಜಿಟಲ್ ವ್ಯಾಪಾರ ಒಪ್ಪಂದಕ್ಕೆ ನಾವೂ ಸೇರೋಣವೇ ಎಂದು ಸರ್ಕಾರ ಈ ಸಭೆ ಕರೆದು ಜನರನ್ನು ಕೇಳುತ್ತಿತ್ತು. ಸೇರಿದರೆ, ಮಷೀನಿನೊಳಗಿನ ಸಾಫ್ಟ್‌ವೇರ್ ಗುಟ್ಟು ಬಿಟ್ಟುಕೊಡಿ ಎಂದು ಯಾವ ಕಂಪನಿಗೂ ಹೇಳುವಂತಿಲ್ಲ. ಈಗಿನ ಕಿವಿ ಮಷೀನುಗಳನ್ನು ಬಿಚ್ಚಿ ಸರಿಮಾಡಲು ಆ ಗುಟ್ಟೇ ಬೇಕು. ಅದು ಸಿಗದಿದ್ದರೆ ಅವನ ಅಂಗಡಿ ಮುಚ್ಚಿದಂತೆಯೇ. ಅತ್ತೆಯಂಥವರು ಕೆಟ್ಟ ಮಷೀನನ್ನು ಕಂಪನಿಗೆ ಕಳಿಸಿ ಎರಡು ತಿಂಗಳು ಕಿವುಡಾಗಿ ಕೂರಬೇಕು. ಎಂಟು ದಿನ ಕನ್ನಡಿ ಮುಂದೆ ನಿಂತು ಮೂರು ನಿಮಿಷದ ಮಾತನ್ನು ಬಾಯಿಪಾಠ ಮಾಡಿದ್ದ ಪಾಪ.

ಅವನು ಆ ಕಡೆ ಹೋದದ್ದೇ ತಡ, ಮೈಕು ಕಿರುಚಲು ಶುರುಮಾಡಿತು. ತಲೆ ಸೀಳಿದಂತಾಗಿ ಇಪ್ಪತ್ತೆರಡೂ ಜನ ತಂತಮ್ಮ ಮಷೀನಿನ ಸದ್ದು ತಗ್ಗಿಸಿಕೊಂಡರು. ಆಗಲೇ ಅಧ್ಯಕ್ಷರು ಆ ಸಾಲಿನತ್ತ ತಿರುಗಿ, ಒಪ್ಪಂದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಬೇಕೇ! ಕೇಳಿಸದವರು ಏನು ಮಾಡುತ್ತಾರೆ? ಎದುರಿನವರ ತುಟಿ ಅಲುಗಿದರೆ ನಗುತ್ತಾರೆ, ತಲೆಯಾಡಿಸುತ್ತಾರೆ. ಹೀಗೇ ಇಷ್ಟು ವರ್ಷ ಮರ್ಯಾದೆ ಉಳಿಸಿಕೊಂಡು ಬಂದವರು ಅವರು. ಪರ ಇಪ್ಪತ್ತೆರಡು ಎಂದು ಗುಮಾಸ್ತ ಬರೆದುಕೊಂಡ.

ಏದುಸಿರು ಬಿಡುತ್ತಾ ಬಂದ ರಿಪೇರಿಯವನಿಗೆ ಗುಮಾಸ್ತ ಅದನ್ನು ಓದಿ ಹೇಳಿದ. ಅವರಿಗೆ ಕೇಳಿಸಿಯೇ ಇಲ್ಲ ಎಂದ ರಿಪೇರಿಯವನು. ತಲೆಯಾಡಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದರು ಅಧ್ಯಕ್ಷರು. ನಿಮ್ಮ ಮೂರು ನಿಮಿಷ ಶುರುವಾಗಿದೆ ಎಂದೂ ಸೇರಿಸಿದರು. ಎಷ್ಟು ವಾದಿಸಿದರೂ ಅವರು ಜಗ್ಗಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿತು. ಸಾಲಿನತ್ತ ತಿರುಗಿ ನಗುನಗುತ್ತಾ ಮೈಕಿನಲ್ಲೇ ಕೇಳಿದ:

"ಅತ್ತೆ, ನಿಮ್ಮ ಮನೇನ ನನ್ನ ಹೆಸ್ರಿಗೆ ಬರ್ಕೊಡ್ತೀರಾ?"

ಅತ್ತೆ ಬಾಯಿತುಂಬ ನಕ್ಕು ತಲೆಯಾಡಿಸಿದರು. ಪಕ್ಕದ ಇಪ್ಪತ್ತೊಂದು ತಲೆಗಳೂ ಆಡಿದವು. ಸಭೆ ಗೊಳ್ಳೆಂದಿತು. ಅಧ್ಯಕ್ಷರೂ ನಗು ತಡೆಯಲಾರದೆ, ಆ ಇಪ್ಪತ್ತೆರಡನ್ನು ಹೊಡೆದುಹಾಕಿ ಎಂದರು. ಅಷ್ಟರಲ್ಲಿ ಅವನ ಸಮಯ ಮುಗಿದ ಗಂಟೆ ಮೊಳಗಿತು. ಕೈಯಲ್ಲಿದ್ದ ಪ್ರತಿಗಳನ್ನು ಚಾಚಿದರೆ, ಇಲ್ಲಿ ಓದದ ಹೇಳಿಕೆ ಕಡತಕ್ಕೆ ಸೇರುವುದಿಲ್ಲ ಎಂದ ಗುಮಾಸ್ತ. ಪರ ಎಂಬುದು ಅಳಿಯಿತು ಸರಿ, ವಿರೋಧ ಎಂದು ಒಂದಕ್ಷರವೂ ದಾಖಲಾಗಲಿಲ್ಲ. ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ಅವನಿಗೆ ಅಳುವೇ ಬಂತು.

ಎಲ್ಲರೂ ನಕ್ಕಿದ್ದೇಕೆ ಎಂದು ಅತ್ತೆ ಕೇಳಿದರು. ಕಿವಿಗೆ ಬಾಯಿಟ್ಟು ಎಲ್ಲ ಹೇಳಿದ. ಮನೆಯ ವಿಷಯ ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದು ಗದರಿ, ತಲಾ ಮೂರು ನಿಮಿಷ ಮಾತಾಡಲು ಬಾಗಿಲಲ್ಲಿ ಎಲ್ಲರಿಗೂ ಕೊಟ್ಟಿದ್ದ ಟೋಕನ್ ಹಿಡಿದು ಎದ್ದೇಬಿಟ್ಟರು. ಮೈಕಿನ ಮುಂದೆ ನಿಂತು, ಕಿವಿಯಿಂದ ಮಷೀನು ತೆಗೆದು ಅಳಿಯನ ಅಂಗೈಗೆ ಹಾಕಿದರು.

"ಇದಿಲ್ದೆ ನಾನು ಹಿಂಗೇ. ನೀವು ಬೈದ್ರೂ ಗೊತ್ತಾಗಲ್ಲ, ಮೊಮ್ಮಗು ಅತ್ರೂ ಗೊತ್ತಾಗಲ್ಲ. ಕೆಟ್ರೆ ನಮ್ಮ ಅಳಿಯ ಹತ್ತು ನಿಮಿಷದಲ್ಲಿ ಸರಿ ಮಾಡ್ತಾರೆ. ಎರಡು ತಿಂಗ್ಳು ಕಾಯಿಸೋ ಒಪ್ಪಂದ ನನಗೆ ಬೇಡ. ಬರ್ಕೊಳ್ಳಿ."

ಮೂರು ನಿಮಿಷ ಮುಗಿಯಿತು. ಅಧ್ಯಕ್ಷರು ಗಂಟೆ ಬಾರಿಸಿದರು. ಮತ್ತೆ ಬಾರಿಸಿದರು. ಅಳಿಯನ ಮುಷ್ಟಿಯೊಳಗೆ ಮಷೀನು ಕುಂಯ್‌ಗುಡುತ್ತಿತ್ತು. ಅತ್ತೆ ಮಾತ್ರ ಮೊಮ್ಮಗು ಹುಟ್ಟಿದ ದಿನದಿಂದ ಹಿಡಿದು ನಿಧಾನವಾಗಿ ಹೇಳುತ್ತಲೇ ಇದ್ದರು. ಅವರನ್ನು ನೋಡಿ ಉಳಿದ ಇಪ್ಪತ್ತೊಂದು ಜನವೂ ಮಷೀನು ಬಿಚ್ಚಿ ಜೇಬಿಗಿಳಿಸಿ, ಟೋಕನ್ ಹಿಡಿದು ಹಿಂದೆ ಸಾಲುಗಟ್ಟಿದರು. ಗುಮಾಸ್ತ ಹೊಸ ಹಾಳೆ ತೆಗೆದುಕೊಂಡ.