ಒಬ್ಬಳೇ ಇದ್ದ ಎ ಸೆಕ್ಷನ್

ದಾವಣಗೆರೆಯ ನಮ್ಮ ಪಿಯು ಕಾಲೇಜಿನ ಅಧ್ಯಕ್ಷ ಶಿವಮೂರ್ತಪ್ಪನವರದು ಮೂಲತಃ ಅಕ್ಕಿ ಗಿರಣಿ. ಹಳೇ ಅಕ್ಕಿಗೆ ಹೊಸ ಅಕ್ಕಿ ಬೆರೆಸಿ, ಎಲ್ಲ ಚೀಲವನ್ನೂ ಒಂದೇ ದರಕ್ಕೆ ಮಾರಿ ಗೆದ್ದವರು. ಎ ಸೆಕ್ಷನ್ ಜಾಣರದು, ಬಿ ಸೆಕ್ಷನ್ ದಡ್ಡರದು ಎಂದು ಪಾಲಕರು ಜಗಳಕ್ಕೆ ಬಂದಾಗ ಅವರಿಗೆ ಹೊಳೆದದ್ದೂ ಅದೇ.

"ಎರಡೂ ಸೆಕ್ಷನ್ ಸರಾಸರಿ ಸಮ ಇರ್ಬೇಕು ನೋಡ್ರಿ," ಎಂದು ಕಂಪ್ಯೂಟರ್ ಕಲಿಸುವ ಅಂಕಿತಾ ಮೇಡಂಗೆ ಅಪ್ಪಣೆಯಾಯಿತು.

ಮೇಡಂ ಪ್ರೋಗ್ರಾಂ ಬರೆದು ಗಣಿತದ ಟೆಸ್ಟಿನ ಅಂಕಗಳನ್ನು ತುಂಬಿದರು. ಎಲ್ಲರ ಸರಾಸರಿ ಐವತ್ತೆರಡು. ನನ್ನ ಅಂಕವೂ ಐವತ್ತೆರಡು. ಕಂಪ್ಯೂಟರಿಗೆ ಅಷ್ಟೇ ಸಾಕಾಯಿತು: ನಂದಿಗುಡಿಯ ಸ್ವಾತಿ, ಅಂದರೆ ನಾನು, ಒಬ್ಬಳೇ ಎ ಸೆಕ್ಷನ್. ಉಳಿದವರೆಲ್ಲ ಬಿ. ಎರಡರ ಸರಾಸರಿಯೂ ಐವತ್ತೆರಡೇ.

"ಸರ್, ಒಬ್ಬಳನ್ನೇ ಹೆಂಗೆ ಕೂರ್ಸೋದು?" ಎಂದರು ಮೇಡಂ.

"ಲೆಕ್ಕ ಸಮ ಐತೋ ಇಲ್ಲೋ? ಐತೆ ಅಂದ್ಮೇಲೆ ಮುಗೀತು."

ಮೊದಲ ವಾರವೆಲ್ಲ ಅತ್ತುಬಿಟ್ಟೆ. ಮಧ್ಯದ ಬೆಂಚಿನಲ್ಲಿ ತಲೆ ತಗ್ಗಿಸಿ, ಯಾವ ಮೇಷ್ಟ್ರ ಕಣ್ಣಿಗೂ ಬೀಳದೆ ಇಲ್ಲಿಯವರೆಗೆ ಬಂದವಳು ನಾನು. ಈಗ ಗಣಿತದ ನಾಗಭೂಷಣ್ ಸರ್‌ಗೆ ನೋಡಲು ನನ್ನ ಮುಖ ಬಿಟ್ಟರೆ ಗೋಡೆ. ತಿಳಿಯದೆ ತಲೆಯಾಡಿಸಿದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

"ಗೊತ್ತಾಗ್ಲಿಲ್ಲ ಅನ್ನವ್ವ. ನಗಾಕೆ ಇಲ್ಲಿ ಯಾರದಾರೆ?" ಎಂದರು.

ಅಂದೆ. ಆಮೇಲೆ ಬಾಯಿ ಮುಚ್ಚಲೇ ಇಲ್ಲ. ಗಣಿತ ಇಷ್ಟು ಚೆಂದ ಎಂದು ನನಗೆ ಯಾರೂ ಹೇಳಿರಲಿಲ್ಲ. ಹರಿಹರದಲ್ಲಿ ಬಸ್ ಬದಲಿಸುವಾಗಲೂ ತಲೆಯಲ್ಲಿ ಲೆಕ್ಕವೇ.

ಮುಂದಿನ ಟೆಸ್ಟಿನಲ್ಲಿ ಎಂಬತ್ತೊಂದು ಬಂತು. ಬಿ ಸೆಕ್ಷನ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಧ್ಯಕ್ಷರು ಕೆಂಡವಾದರು.

"ಸಮ ಇದ್ದಿದ್ದು ಕೆಡಿಸಿಬಿಟ್ರಲ್ರೀ ನಾಗಭೂಷಣ್! ಏನ್ ಮಾಡಿದ್ರಿ?"

"ಪಾಠ ಮಾಡಿದೆ ಸರ್."

"ಯಾರ್ರೀ ಹೇಳಿದ್ರು ಮಾಡಾಕೆ?"

ಪ್ರೋಗ್ರಾಂ ಮತ್ತೆ ಓಡಿತು. ಈ ಸಲ ಎಲ್ಲರ ಸರಾಸರಿ ಐವತ್ಮೂರು. ಸರಿಯಾಗಿ ಐವತ್ಮೂರು ತೆಗೆದಿದ್ದ ಅಂಜನ್ ಕುಮಾರ್ ಅಳುಮೋರೆ ಹಾಕಿಕೊಂಡು ಒಬ್ಬನೇ ಎ ಸೆಕ್ಷನ್‌ಗೆ ಹೋದ. ನನ್ನನ್ನು ಬಿ ಸೆಕ್ಷನ್‌ಗೆ ತಳ್ಳಿದರು. ಅಲ್ಲಿ ಮೊದಲ ದಿನವೇ ಕೈಯೆತ್ತಿದೆ.

"ಕುಂದ್ರವ್ವ. ಎಲ್ರಿಗೂ ಉತ್ತರ ಹೇಳ್ತಾ ನಿಂತ್ರೆ ಪೋರ್ಷನ್ ಮುಗಿಯಂಗಿಲ್ಲ," ಎಂದರು ಅಲ್ಲಿಯ ಕಲ್ಲೇಶಪ್ಪ ಸರ್.

ಪಕ್ಕದ ಕೋಣೆಯಲ್ಲಿ ಅಂಜನ್ ಏನೋ ಪ್ರಶ್ನೆ ಕೇಳುತ್ತಿದ್ದ. ನನಗೆ ಹೊಟ್ಟೆ ಉರಿದುಹೋಯಿತು.

ಇವತ್ತು ಮತ್ತೆ ಟೆಸ್ಟ್ ಇತ್ತು. ನನಗೆ ಬಾರದ ಲೆಕ್ಕ ಒಂದೂ ಇರಲಿಲ್ಲ. ಐವತ್ಮೂರು ಅಂಕಕ್ಕೆ ಆಗುವಷ್ಟು ಬರೆದು, ಪೆನ್ನು ಮುಚ್ಚಿ, ಕೈಕಟ್ಟಿ ಕೂತೆ.