ಬೆರಳಿನ ಎದುರು

ಐದು ಗಂಟೆಗೆ ಟ್ಯಾಕ್ಸಿ. ಅಷ್ಟರೊಳಗೆ ಅತ್ತೆಗೆ ಹೇಳಿಬಿಡಬೇಕು. ಇಲ್ಲವೆ ಎಂದೆಂದಿಗೂ ಹೇಳಬಾರದು.

ಅವಳು ಇಪ್ಪತ್ತಮೂರನೆಯ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಊರಿನ ಬೇರೆ ಬೇರೆ ನಲ್ಲಿಗಳಿಂದ ಬಂದ ನೀರು ತಿಳಿಯಾಗಿದೆಯೇ, ಕಲಕಿದೆಯೇ ಎಂದು ನೋಡಿ ಬರೆಯುವುದು ಅವಳ ಕೆಲಸ. ಕಣ್ಣಿಗೆ ತಿಳಿಯಾಗಿ ಕಂಡದ್ದನ್ನು ನಂಬಬೇಡ ಎಂದು ಕೆಲಸಕ್ಕೆ ಸೇರಿದ ದಿನ ಮೇಲಧಿಕಾರಿ ಹೇಳಿದ್ದರು. ‘ತಿಳಿ’ ಎಂದು ಬರೆದಳು.

“ಅರ್ಧ ದಿನ ರಜೆ ಯಾಕೆ?” ಪಕ್ಕದ ಮೇಜಿನವಳು ಕೇಳಿದಳು.

“ಕಾಲೇಜಿಗೆ ಹೋಗ್ಬೇಕು.”

“ಈ ವಯಸ್ಸಲ್ಲಿ ಯಾವ ಪರೀಕ್ಷೆ ಮಾರಾಯ್ತಿ?”

“ಒಬ್ಬಳಿಗೆ ಅಳೋದು ಹೇಳ್ಕೊಡಬೇಕಂತೆ.”

ಪಕ್ಕದ ಮೇಜಿನವಳು ನಗಲು ಬಾಯಿ ತೆರೆದಳು. ಗಂಡ ಸತ್ತವಳ ಎದುರು ನಗಬಾರದೆಂದು ನೆನಪಾಗಿ ಮುಚ್ಚಿಕೊಂಡಳು. ನಾಲ್ಕು ತಿಂಗಳಿಂದ ಎಲ್ಲರೂ ಅವಳೆದುರು ಹೀಗೆ ಬಾಯಿ ತೆರೆದು ಮುಚ್ಚುತ್ತಿದ್ದರು, ಗಾಜಿನ ತೊಟ್ಟಿಯ ಮೀನುಗಳ ಹಾಗೆ.

ಆ ಅಳು ಒಂಬತ್ತು ವರ್ಷಗಳ ಹಿಂದೆ ಕಾಲೇಜಿನಲ್ಲಿದ್ದಾಗ ಆಡಿದ ಬೀದಿನಾಟಕದ್ದು; ನಾಟಕ ಕಲಿಸಿದ್ದ ಮೇಷ್ಟ್ರು ಈಗ ಅದನ್ನೇ ಹೊಸ ಹುಡುಗರಿಂದ ಆಡಿಸುತ್ತಿದ್ದರು. ಗಿರಣಿಯೊಂದರ ಮುಷ್ಕರ, ಗೋಲಿಬಾರು, ಸತ್ತ ಕಾರ್ಮಿಕ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಗಿರಣಿಯ ಗೇಟಿನೆದುರು, ಒಟ್ಟು ಮೂವತ್ತೊಂದು ಸಲ ಆಡಿದ್ದರು. ಅವಳು ಸತ್ತವನ ಹೆಂಡತಿ. ಹೆಣವಾಗಿ ಮಲಗುತ್ತಿದ್ದವನು ವಿಜ್ಞಾನ ವಿಭಾಗದ ಒಬ್ಬ ಸಾಧು ಹುಡುಗ. ಎರಡು ಸಾಲು ಮಾತೂ ನೆನಪಿನಲ್ಲಿ ನಿಲ್ಲದ್ದರಿಂದ ಮೇಷ್ಟ್ರು ಅವನಿಗೆ ಆ ಪಾತ್ರ ಕೊಟ್ಟಿದ್ದರು. ತಂಡದಲ್ಲಿ ಅವನ ಹೆಸರೇ ಹೆಣ ಎಂದಾಯಿತು. “ಹೆಣಕ್ಕೊಂದು ಟೀ ಕೊಡ್ರೋ.” “ಹೆಣ ಇನ್ನೂ ಬಂದಿಲ್ವಾ? ನಿದ್ದೆ ಮಾಡ್ತಿರಬೇಕು.” ಅವರಿಬ್ಬರ ಮದುವೆಗೆ ಗೆಳೆಯರು ಕೊಟ್ಟ ಕಾರ್ಡಿನಲ್ಲಿ ‘ಹೆಣಕ್ಕೆ ಜೀವ ಬಂತು’ ಎಂದಿತ್ತು.

ಅವನಿಗೆ ಉಸಿರು ಹಿಡಿಯಲು ಬರುತ್ತಿರಲಿಲ್ಲ. ಹೊಟ್ಟೆ ಏರಿಳಿಯುವುದು ಜನಕ್ಕೆ ಕಾಣದಂತೆ ಅವಳು ಅವನ ಮೇಲೆ ಬಿದ್ದು ಅಳುತ್ತಿದ್ದಳು. ಆ ಅಳುವನ್ನು ಪತ್ರಿಕೆಯೊಂದು ಹೊಗಳಿತ್ತು.

ಅತ್ತು ಮುಗಿಸಿ ಎದ್ದು, ತಿರುಗಿ, ಮೊದಲು ಯಾರ ಕಣ್ಣು ಸಿಗುತ್ತದೋ ಅವರತ್ತ ಬೆರಳು ಚಾಚಬೇಕು. ಮಾತು ಬೇಡ. ಅವರು ಕಣ್ಣು ತಗ್ಗಿಸುವವರೆಗೆ ಕೈ ಇಳಿಸಬಾರದು. ಇದು ಮೇಷ್ಟ್ರ ಕಟ್ಟಪ್ಪಣೆ. “ಕೊಂದವರು ಯಾರು ಅಂತ ಬೆರಳೇ ಕೇಳುತ್ತೆ,” ಎನ್ನುತ್ತಿದ್ದರು. ಮೂವತ್ತೊಂದು ಸಲವೂ ಯಾರೋ ಒಬ್ಬರು ಕಣ್ಣು ತಗ್ಗಿಸಿದ್ದರು. ಹಣ್ಣು ಮಾರುವವನು, ಬಸ್ಸಿಗೆ ಕಾಯುತ್ತಿದ್ದ ನರ್ಸು, ಒಮ್ಮೆ ಒಬ್ಬ ಪೊಲೀಸಿನವನು. ಆಮೇಲೆ ಗಿರಣಿ ಮುಚ್ಚಿತು. ಅಲ್ಲಿ ಈಗ ಕಾರುಗಳನ್ನು ನಿಲ್ಲಿಸುತ್ತಾರೆ.

ನಾಲ್ಕು ತಿಂಗಳ ಹಿಂದೆ ಅವನು ನಿಜವಾಗಿ ಮಲಗಿದ. ಅವಳು ಕೆಲಸದಿಂದ ಮನೆಗೆ ಓಡಿ ಬರುವಷ್ಟರಲ್ಲಿ ನಡುಮನೆಯ ತುಂಬ ಜನ. ದಾರಿ ಬಿಟ್ಟು, ಸುತ್ತಲೂ ವೃತ್ತವಾಗಿ ನಿಂತರು. ನಡುವೆ ಅವನು. ಅವಳಿಗೆ ಏನೂ ಅನ್ನಿಸಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ ಎಂಬುದಷ್ಟೇ ಗೊತ್ತಾಯಿತು. ಉಸಿರು ಪೂರ್ತಿ ಬಿಟ್ಟಳು. ನಾಲ್ಕು ಎಣಿಸಿದಳು. ಅವನ ಹೊಟ್ಟೆ ಮರೆಯಾಗುವಂತೆ ಮೇಲೆ ಬಿದ್ದಳು. ಮರೆಮಾಡಲು ಏನೂ ಇರಲಿಲ್ಲ. ಕೂಗಿದಳು, ಚೆನ್ನಾಗಿ ಬಂತು. ಎದ್ದಳು, ತಿರುಗಿದಳು. ಕೈ ತಾನಾಗಿ ಮೇಲೆ ಬಂತು.

ಎದುರಿಗೆ ಅತ್ತೆ ಇದ್ದರು. ಅವರು ಕಣ್ಣು ತಗ್ಗಿಸಿದರು.

ಯಾಕೆಂದು ಮೂರನೆಯ ದಿನ ತಿಳಿಯಿತು. ಯಾರೂ ಕೇಳದೆ ಅತ್ತೆಯೇ ಹೇಳಿದರು: “ಎದೆ ಉರಿ ಅಂದ. ಗ್ಯಾಸು ಕಣೋ, ಏನಾಗಲ್ಲ ಅಂದೆ. ಬಿಸಿನೀರು ಕೊಟ್ಟು ಮಲಗಿಸಿದೆ.” ಹೇಳಿ ಅವಳ ಕೈಯನ್ನೇ ನೋಡಿದರು.

ಆಗಲೇ ಹೇಳಬಹುದಿತ್ತು. ಆದರೆ ಬೆರಳು ನಾಟಕದ್ದು ಎಂದರೆ ಅಳುವೂ ನಾಟಕದ್ದು ಎಂದು ಒಪ್ಪಬೇಕು. ಆ ದಿನದ ನಂತರ ಅವಳಿಗೆ ಒಮ್ಮೆಯೂ ಅಳು ಬಂದಿರಲಿಲ್ಲ. ಗಂಡನಿಗೆಂದು ಅವಳ ಬಳಿ ಇದ್ದದ್ದು ಆ ಒಂದೇ ಅಳು. ಅದನ್ನು ಉಳಿಸಿಕೊಂಡಳು. ಇನ್ನೂ ಒಂದು ಕಾರಣವಿತ್ತು, ಅದನ್ನು ತನಗೆ ತಾನೂ ಪೂರ್ತಿ ಹೇಳಿಕೊಂಡಿರಲಿಲ್ಲ. ತಲೆ ತಗ್ಗಿಸಿಕೊಂಡು ಮನೆಯಲ್ಲಿ ಓಡಾಡುವ ಒಬ್ಬರು ಇದ್ದಾರೆ ಎಂಬುದು ಒಂದು ಆಸರೆಯಾಗಿತ್ತು.

ಈಗ ಅತ್ತೆ ತಮ್ಮ ಮಗಳ ಮನೆಗೆ ಹೊರಟಿದ್ದರು. “ನಾಲ್ಕು ದಿನ ಇದ್ದು ಬರ್ತೀನಿ,” ಎಂದಿದ್ದರು. ಚಳಿಗಾಲದ ಬಟ್ಟೆಯ ಜೊತೆ ಬೇಸಿಗೆಯದನ್ನೂ ಮಡಿಸಿಟ್ಟಿದ್ದರು.

ಕಾಲೇಜಿನ ಹಿಂದಿನ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಮೇಷ್ಟ್ರ ಕೂದಲು ನೆರೆತಿತ್ತು. ದನಿ ಹಾಗೇ ಇತ್ತು. ನೆಲದ ಮೇಲೆ ಹೊಸ ಹೆಣ ಮೊಬೈಲ್ ನೋಡುತ್ತ ಮಲಗಿತ್ತು.

“ಬಂದೆಯಲ್ಲ, ಪುಣ್ಯ,” ಎಂದರು ಮೇಷ್ಟ್ರು. ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ನಾಟಕದಲ್ಲಿ ನೀನು ಚೆನ್ನಾಗೇ ಮಾಡ್ತಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಆ ದಿನ ನಿಮ್ಮನೇಲಿ ನಿನ್ನ ಅಳು ಕೇಳಿದೆನಲ್ಲ, ಅದು ಅಭಿನಯ ಅಲ್ಲ. ಈ ಹುಡುಗಿಗೆ ಅದು ಬೇಕು.”

“ಎರಡೂ ಒಂದೇ, ಮೇಷ್ಟ್ರೇ.”

“ಏನು ಒಂದೇ?”

“ಏನಿಲ್ಲ.”

ಹುಡುಗಿಗೆ ಇಪ್ಪತ್ತರ ಆಸುಪಾಸು. “ಅಕ್ಕ, ಅಳೋವಾಗ ಏನನ್ನ ನೆನೆಸ್ಕೋಬೇಕು?”

“ಏನೂ ಬೇಡ. ಉಸಿರು ಪೂರ್ತಿ ಬಿಡು. ನಾಲ್ಕು ಎಣಿಸು. ಖಾಲಿ ಹೊಟ್ಟೆಯಿಂದ ಕೂಗು. ಮೈ ಹೆದರುತ್ತೆ. ಮಿಕ್ಕಿದ್ದು ಅದೇ ನೋಡ್ಕೊಳುತ್ತೆ.”

“ಅಷ್ಟೇನಾ?”

“ಅಷ್ಟೇ.”

ಮೂರನೆಯ ಸಲಕ್ಕೆ ಬಂತು. ಹೆಣ ಬೆಚ್ಚಿಬಿದ್ದು ಕಣ್ಣು ತೆರೆಯಿತು. ಹುಡುಗಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಎದ್ದಳು, ತಿರುಗಿದಳು, ಹೇಳಿಕೊಟ್ಟಿದ್ದಂತೆಯೇ ಮೊದಲು ಸಿಕ್ಕ ಕಣ್ಣಿನತ್ತ ಬೆರಳು ಚಾಚಿದಳು.

ಸಿಕ್ಕಿದ್ದು ಇವಳ ಕಣ್ಣು.

ಇದೆಲ್ಲ ಹೇಗೆ ಆಗುತ್ತದೆಂದು ಇವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಆದರೂ ಗಂಡ ಸತ್ತ ದಿನ ನೆನಪಾಯಿತು. ಆ ಬೆಳಿಗ್ಗೆ ಅವನು ಹಾಸಿಗೆಯಲ್ಲೇ ಇದ್ದ, ಮುಖ ಸಪ್ಪಗಿತ್ತು, ಇವಳಿಗೆ ಬಸ್ಸು ತಪ್ಪುತ್ತಿತ್ತು. ಇವಳ ಕಣ್ಣು ನೆಲಕ್ಕಿಳಿಯಿತು.

ಚಪ್ಪಾಳೆ ಬಿತ್ತು. “ಭೇಷ್!” ಎಂದರು ಮೇಷ್ಟ್ರು. ಹುಡುಗಿ ಮೂಗು ಒರೆಸಿಕೊಂಡು ನಗುತ್ತಿದ್ದಳು. “ನಮ್ಮಮ್ಮ ನೋಡಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ!”

ಟೀ ಬರುವವರೆಗೂ ಇವಳು ನಿಲ್ಲಲಿಲ್ಲ.

ಮನೆ ತಲುಪಿದಾಗ ಐದಕ್ಕೆ ಹದಿನೈದು ನಿಮಿಷ. ಬಾಗಿಲು ತೆರೆದಿತ್ತು, ಹೊಸ್ತಿಲ ಬಳಿ ಎರಡು ಚೀಲ, ಒಂದು ಪೆಟ್ಟಿಗೆ. ಅತ್ತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಪರರ ಮನೆಗೆ ಬಂದವರ ಹಾಗೆ.

“ಹಾಲು ಕಾಯಿಸಿಟ್ಟಿದ್ದೀನಿ. ಹಿಂಬಾಗಿಲು ಹಾಕಿದ್ದೀನಿ.”

“ಅತ್ತೆ, ಅವತ್ತು ನಾನು ಬೆರಳು…”

“ಬೇಡಮ್ಮ. ಹೊರಡೋ ಹೊತ್ತಲ್ಲಿ ಯಾಕೆ?”

“ಅದು ನಾಟಕದ್ದು.”

ಅತ್ತೆ ನೋಡಿದರು.

“ಕಾಲೇಜಲ್ಲಿ ಆಡ್ತಿದ್ವಿ. ನಾನು ಅತ್ತು, ಎದ್ದು ನಿಂತು, ಬೆರಳು ತೋರಿಸ್ಬೇಕಿತ್ತು. ಅವತ್ತು ಕೈ ತಾನೇ ಎದ್ದುಬಿಡ್ತು. ನೀವು ಎದುರಿಗಿದ್ರಿ, ಅಷ್ಟೇ. ಅವರೂ ಇದ್ದರು ಆ ನಾಟಕದಲ್ಲಿ. ಹೆಣ ಆಗ್ತಿದ್ದರು.”

“ನನ್ನ ಮಗನಾ? ನನಗೆ ಹೇಳಲೇ ಇಲ್ಲ.”

“ಅಮ್ಮನಿಗೆ ಇದೆಲ್ಲ ಹೇಳೋದು ಬೇಡ ಅಂದಿದ್ದರು.”

ಅತ್ತೆ ಪೆಟ್ಟಿಗೆಯ ಬೀಗ ಎಳೆದು ನೋಡಿದರು. “ಹಾಗಾದ್ರೆ ಅಳು?”

“ಅದೂ.”

“ಹೂಂ.” ಅತ್ತೆ ಬೀಗದಿಂದ ಕೈ ತೆಗೆದರು. “ನನಗೂ ಬಂದಿತ್ತು ಅವತ್ತು. ಗಂಟಲವರೆಗೂ ಬಂದಿತ್ತು. ನಿನ್ನ ಬೆರಳು ನೋಡಿ ನುಂಗ್ಕೊಂಡೆ. ಕೊಂದವಳೇ ಅತ್ತರೆ ನಾಟಕ ಅಂತಾರಲ್ಲ.”

ಅವಳು ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು.

“ಅಂದ್ರೆ ನನ್ನ ಮಗನಿಗೆ ಅಂತ ಈ ಮನೇಲಿ ಯಾರೂ ಅಳಲೇ ಇಲ್ಲ.” ಅತ್ತೆ ತಲೆಯಾಡಿಸಿದರು. “ಇಲ್ಲ, ಇಲ್ಲ. ಮುದುಕಿ ನೆಮ್ಮದಿಯಾಗಿ ಹೋಗಲಿ ಅಂತ ಕಟ್ಟಿ ಹೇಳ್ತಿದ್ದೀಯ. ನಾಟಕ ಆದ್ರೆ ಮತ್ತೆ ಬರಬೇಕು. ಎಲ್ಲಿ, ಮಾಡಿ ತೋರಿಸು.”

“ಈಗಲಾ?”

“ಇನ್ಯಾವಾಗ? ಅವತ್ತಿನ ಹಾಗೇ ಬಂದ್ರೆ ನಂಬ್ತೀನಿ.”

“ಅದಕ್ಕೆ ಹೆಣ ಬೇಕು ಅತ್ತೆ.” ಮಾತು ಆಡಿದ ಮೇಲೆ ಅವಳಿಗೆ ಅದು ಕೇಳಿಸಿತು.

ಅತ್ತೆ ಕನ್ನಡಕ ತೆಗೆದು ಕುರ್ಚಿಯ ಮೇಲಿಟ್ಟರು. ಮಂಡಿ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಇಳಿದರು. ಮಗನನ್ನು ಮಲಗಿಸಿದ್ದ ಜಾಗದಲ್ಲೇ, ಕಿಟಕಿಯ ಕಡೆ ತಲೆ ಮಾಡಿ, ಅಂಗಾತ ಮಲಗಿ ಕಣ್ಣು ಮುಚ್ಚಿದರು.

ಅವಳು ಮೊಣಕಾಲೂರಿದಳು. ಉಸಿರು ಬಿಟ್ಟಳು. ನಾಲ್ಕು ಎಣಿಸಿದಳು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಮತ್ತೆ ಬಿಟ್ಟಳು. ಏಳು, ಎಂಟು, ಒಂಬತ್ತು. ಬರೀ ಗಾಳಿ ಒಳಗೆ ಹೋಗಿ ಹೊರಗೆ ಬಂತು. ಅತ್ತೆಯ ಹೊಟ್ಟೆ ಅಲುಗಲಿಲ್ಲ. ಮಗನಿಗಿಂತ ಚೆನ್ನಾಗಿ ಉಸಿರು ಹಿಡಿದಿದ್ದರು.

ಹೊರಗೆ ಹಾರ್ನ್ ಆಯಿತು. ಮತ್ತೊಮ್ಮೆ ಆಯಿತು. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು.

“ಲಗೇಜ್ ಎಷ್ಟಿದೆ ಮೇ…” ಎನ್ನುತ್ತ ನಡುವಯಸ್ಸಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. ಮಾತು ಅಲ್ಲೇ ನಿಂತಿತು. ನೆಲದ ಮೇಲೆ ಮಲಗಿದ್ದ ಮುದುಕಿಯನ್ನು ನೋಡಿದ, ಬಾಯಿ ತೆರೆದು ಕೂತಿದ್ದ ಹೆಂಗಸನ್ನು ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಸದ್ದಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಒರಗದೆ, ತಲೆ ಬಾಗಿಸಿ, ಅವಳು ಅಳುವುದನ್ನು ಕಾಯುತ್ತ ನಿಂತ.